ಬಾಲ ಮುರಿದ ಗಿಣಿಯ ಜೊತೆ ಕ್ಯಾಂಡಿಗೆ

ಗುಂಡ್ಲುಪೇಟೆ

ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಒಂದು ಮೊರ ಹಿತುಕುವ ಹೊತ್ತಿಗೆ ಬೆರಳ ತುದಿ ಸುಕ್ಕುಗಟ್ಟಿರುತ್ತದೆ. ಅಂಥ ಹೊತ್ತಲ್ಲೇ ಚಾಮರಾಜನಗರದಿಂದ ತಮ್ಮ ಮಾದೇವನ ಫೋನು ಬಂತು. ಮೊಣಕೈಯಿಂದ ಒತ್ತಿ, ಸ್ಪೀಕರಿಗೆ ಹಾಕಿ ಮೊರದ ಪಕ್ಕ ಇಟ್ಟುಕೊಂಡೆ.

"ಅಕ್ಕ, ಸಿಲೋನ್‌ಗೆ ಓಗದು ಯಾವತ್ತು ನೀವು?"

"ಬರೋ ಸೋಮವಾರ. ಯಾಕ್ಲಾ?"

"ಅಲ್ಲಿ ಒಬ್ಬ ಅವ್ನೆ ಕಣಕ್ಕ. ಅಪ್ಪನ ಸೋಡಾ ಮುಚ್ಚಳ ಡೂಪ್ಲಿಕೇಟು ಅಂತ ಬರ್ದ್‌ಬುಟ್ಟವ್ನೆ. ಗಿಣಿ ಅವರಪ್ಪಂದಂತೆ. ನಮ್ಮಪ್ಪ ಕದ್ದುದ್ದಂತೆ."

ಕೈಯಲ್ಲಿದ್ದ ಕಾಳು ಸಿಪ್ಪೆ ಸಮೇತ ಪಾತ್ರೆಗೆ ಬಿತ್ತು. ಹುಡುಕಿ ತೆಗೆಯುವಷ್ಟು ತಾಳ್ಮೆ ಇರಲಿಲ್ಲ.

ನನ್ನ ತವರನ್ನು ಚಾಮರಾಜನಗರದಲ್ಲಿ ಇವತ್ತಿಗೂ 'ಗಿಣಿ ಸೋಡಾದೋರ ಮನೆ' ಎಂದೇ ಕರೆಯುತ್ತಾರೆ. ಅಪ್ಪ ಸಂತೆಮರಹಳ್ಳಿ ರಸ್ತೆಯಲ್ಲಿ ಒಂದು ಶೆಡ್ಡು ಹಾಕಿ ಸೋಡಾ ತುಂಬುತ್ತಿದ್ದರು. ಗೋಲಿ ಸೋಡಾ ಅಲ್ಲ, ಹಲ್ಲುಹಲ್ಲಾಗಿ ಮಡಿಸಿದ ತಗಡಿನ ಮುಚ್ಚಳದ ಸೋಡಾ. ಮುಚ್ಚಳದ ಮೇಲೆ ಊರು ಹೆಸರು ಏನೂ ಇಲ್ಲ, ಒಂದು ಹಸಿರು ಗಿಣಿ, ಕೆಳಗೆ ಸೋಡಾ ಅಂತ ಇಂಗ್ಲಿಷಿನಲ್ಲಿ, ಅಷ್ಟೆ. ಗಿಣಿಯ ಬಾಲದಲ್ಲಿ ಒಂದು ಗರಿ ಅರ್ಧಕ್ಕೇ ತುಂಡಾಗಿದೆ. ಅಮ್ಮ ಸಾಕಿದ ಗಿಣಿಯ ಬಾಲವನ್ನು ಬೆಕ್ಕು ಕಚ್ಚಿತ್ತಂತೆ. ಮದ್ರಾಸಿನಿಂದ ಬಂದಿದ್ದ ಮುಚ್ಚಳದ ಏಜೆಂಟು ಅದನ್ನು ನೋಡಿ, ನಿಮಗೆ ಮಾತ್ರ ಎಂದು ಹೇಳಿ, ಇದ್ದದ್ದು ಇದ್ದ ಹಾಗೆ ಬರೆಸಿ ಅಚ್ಚು ಹಾಕಿಸಿ ಕಳಿಸಿದನಂತೆ. ಈ ಕಥೆಯನ್ನು ಅಪ್ಪ ಹೇಳಿದ್ದು ಎಷ್ಟು ಸಲವೋ.

ಆ ಮುಚ್ಚಳಗಳಲ್ಲಿ ಉಳಿದದ್ದು ಒಂದೇ. ಹೊಸ ಮೂಟೆ ಬಿಚ್ಚಿದ ದಿನ ಅಪ್ಪ ಮೊದಲ ಮುಚ್ಚಳದ ಒಳಗಿನ ಬೆಂಡಿನ, ಅಂದರೆ ಕಾರ್ಕಿನ, ಬಿಲ್ಲೆಯನ್ನು ಕಿತ್ತು, ಅದರಲ್ಲಿ ಕರ್ಪೂರ ಇಟ್ಟು, ಮೆಷಿನ್ನಿಗೆ ಬೆಳಗಿ, ಆಮೇಲೇ ಸೋಡಾ ತುಂಬಲು ಕೂರುತ್ತಿದ್ದರು. ಹಾಗೆ ಆರತಿ ಎತ್ತಿದ ಕೊನೆಯ ಮುಚ್ಚಳ ಮಾದಪ್ಪನ ಪಟದ ಮುಂದೆ ಉಳಿದುಕೊಂಡಿತ್ತು. ಅಮ್ಮ ಹೋದ ಮೇಲೆ ಅದು ನನ್ನ ದೇವರ ಮನೆಗೆ ಬಂತು.

ಈಗ ಸೋಡಾಕ್ಕೆ ಮತ್ತೆ ಕಾಲ ಬಂದಿದೆಯೆಂದು ಮಾದೇವ ಅಪ್ಪನ ಜಾಗದಲ್ಲೇ ಅಂಗಡಿ ಇಡಲು ಹೊರಟಿದ್ದ. ಗಿಣಿ ಬರೆಸಿದ ಬೋರ್ಡು ಕೂಡ ತಯಾರಿತ್ತು. ಮುಚ್ಚಳ ಸಂಗ್ರಹ ಮಾಡುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿ ಇದೆಯಂತೆ, ಅದಕ್ಕೆ ಇವನು ಜಂಬದಿಂದ ಅಪ್ಪನ ಮುಚ್ಚಳದ ಫೋಟೊ ಹಾಕಿದ. ಕ್ಯಾಂಡಿಯ ರಾಸಯ್ಯ ಎನ್ನುವವರು, 'ಇದು ನನ್ನ ತಂದೆಯ ಸೋಡಾದ ಗಿಣಿ. ಇಂಡಿಯಾದಲ್ಲಿ ಸಿಗುವವು ಆಮೇಲೆ ಹೊಡೆದ ನಕಲು' ಎಂದು ಉತ್ತರ ಬರೆದರು. ಬೇಗೂರಿನಲ್ಲಿರುವ ನಮ್ಮ ಸೋದರತ್ತೆ ಮಗ ನಂಜುಂಡ ಅದನ್ನು ನೆಂಟರಿಗೆಲ್ಲ ಕಳಿಸಿ, "ಕದ್ದ ಗಿಣಿಯೋರು ಅಂಗ್ಡಿ ಮಡಗ್ತಾವ್ರಂತೆ, ಓಗನ ಬನ್ರಪ್ಪ" ಎಂದು ಬರೆದಿದ್ದನಂತೆ.

"ಹೆಂಗೂ ಕ್ಯಾಂಡಿಗೂ ಓಯ್ತೀರಲ್ಲಕ್ಕ. ಮುಚ್ಚಳ ತಕ್ಕೊಂಡೋಗಿ ಆ ಯಪ್ಪನ ಮುಂದೆ ಇಕ್ಕು. ಅಸ್ಲಿ ಅಂತ ಅವ್ನ ಕೈಲೇ ಬರೆಸ್ಕೊಂಡು ಬಾ."

ಮೈಸೂರಿನವರೊಬ್ಬರು ಕರೆದುಕೊಂಡು ಹೋಗುವ ಯಾತ್ರೆ ಅದು. ಕತರಗಾಮದ ಸುಬ್ಬಪ್ಪನ ದರ್ಶನವಾಗಲಿ ಎಂದು ನಾನು ಹೊರಟಿದ್ದೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದು ರಿಟೈರಾದವರು, ವಿಮಾನ ಹತ್ತಬೇಕೆಂದು ಹೊರಟಿದ್ದರು. ಇಬ್ಬರ ನಡುವೆ ಈಗ ಈ ಮುಚ್ಚಳ ಬಂದು ಕೂತಿತು. ಹೊರಡುವ ಹಿಂದಿನ ದಿನ, ಕುಂಕುಮ ಹೊಗೆ ಹಿಡಿದದ್ದನ್ನು ಪರರ ಮುಂದೆ ಇಡುವುದೇ ಎಂದು ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದೆ. ಗಿಣಿ ಹೊಳೆಯಿತು. ಒಳಗಿನ ಕರಿ ಮಾತ್ರ ಹೋಗಲಿಲ್ಲ.

ವಿಮಾನ ನಿಲ್ದಾಣ

ನನ್ನ ಚೀಲವನ್ನು ಪಕ್ಕಕ್ಕೆ ಎಳೆದರು. ಮುಚ್ಚಳವನ್ನು ನೋಡಿ ಯಾರೂ ಏನೂ ಅನ್ನಲಿಲ್ಲ. ವಿಭೂತಿಯ ಪೊಟ್ಟಣ ನೋಡಿ ಗಾಬರಿಯಾದರು. ಕೈಗೆ ಗವುಸು ಹಾಕಿಕೊಂಡ ಹುಡುಗಿ ಅದನ್ನು ಮೂಸಿ, ಇನ್ನೊಬ್ಬನನ್ನು ಕರೆದಳು. ಅವನೂ ಮೂಸಿದ.

"ಏನಮ್ಮಾ ಇದು, ಪೌಡರು?"

"ನನ್ನ ಹಣೆ ನೋಡಪ್ಪ. ಅದೇ ಇದು."

ನನ್ನ ಹಿಂದೆ ನಿಂತವರೆಲ್ಲ ನನ್ನ ಹಣೆ ನೋಡಿದರು. ನಮ್ಮ ಮನೆಯವರು ಇವಳು ಯಾರೋ ತಮಗೆ ಗೊತ್ತೇ ಇಲ್ಲವೆಂಬಂತೆ ಬೆಲ್ಟು ಹಾಕಿಕೊಳ್ಳುತ್ತಾ ನಿಂತಿದ್ದರು. ಆ ಕೋಪ ಕೊಲಂಬೊ ಮುಟ್ಟುವವರೆಗೂ ಇಳಿಯಲಿಲ್ಲ. ಪೊಟ್ಟಣವನ್ನು ಚೆಲ್ಲದೆ ವಾಪಸು ಕೊಟ್ಟರು, ಅಷ್ಟು ಪುಣ್ಯ.

ಕೊಲಂಬೊ

ಊರು ಚೊಕ್ಕಟ. ರಸ್ತೆಯಲ್ಲಿ ಉಗಿಯುವವರು ಕಾಣಲಿಲ್ಲ, ಹಾರ್ನೂ ಕಡಿಮೆ. ನಮ್ಮ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಮುಂದೆ ಊಟಿಗೆ ಹೋಗುವ ಕಾರುಗಳು ಮಾಡುವ ಗದ್ದಲ ನೆನೆದು ನಾಚಿಕೆಯಾಯಿತು. ಆದರೆ ಊಟದ ವಿಷಯದಲ್ಲಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಲ್ಲಿ ಒಣಮೀನಿನ ಪುಡಿ ನಮ್ಮ ಇಂಗಿನ ಹಾಗೆ, ಯಾವುದಕ್ಕೆ ಹಾಕಿದ್ದಾರೆ ಯಾವುದಕ್ಕೆ ಇಲ್ಲ ಎಂದು ದೇವರಿಗೇ ಗೊತ್ತು. ತೆಂಗಿನಕಾಯಿ ಚಟ್ನಿ ಎಂದು ಕೈ ಹಾಕಿದರೆ ಅದರಲ್ಲೂ ಮೀನು.

"ವೆಜ್ ಅಂತ ಹೇಳಿದಿರಲ್ಲಪ್ಪ?" ಎಂದು ಬಡಿಸುವವನನ್ನು ತಮಿಳಿನಲ್ಲಿ ಕೇಳಿದೆ. ನಮ್ಮ ಅಜ್ಜಿಯ ಊರು ತಾಳವಾಡಿ, ಹಾಗಾಗಿ ನನಗೆ ತಮಿಳು ಬರುತ್ತದೆ.

"ವೆಜ್ಜೇ ಅಮ್ಮಾ. ಸ್ವಲ್ಪವೇ ಸ್ವಲ್ಪ ಮೀನು" ಎಂದ, ನಗುತ್ತಾ, ತಲೆ ಅಲ್ಲಾಡಿಸುತ್ತಾ.

ಅಲ್ಲಿಂದ ಮುಂದೆ ಬೆಳಿಗ್ಗೆ ಒತ್ತು ಶಾವಿಗೆ, ಮಧ್ಯಾಹ್ನ ಎಮ್ಮೆ ಮೊಸರು, ರಾತ್ರಿ ಬಾಳೆಹಣ್ಣು. ಅವರ ಶಾವಿಗೆ ನಮ್ಮದರಂತೆಯೇ, ಆದರೆ ಅಂಗೈಯಗಲ ಒತ್ತಿ ಒಂದರ ಮೇಲೊಂದು ಜೋಡಿಸುತ್ತಾರೆ. ಮಡಕೆಯಲ್ಲಿ ಹೆಪ್ಪು ಹಾಕಿದ ಆ ಮೊಸರನ್ನು ಚಾಕುವಿನಿಂದ ಕುಯ್ಯಬಹುದಿತ್ತು. ದೇವರು ಒಂದು ಬಾಗಿಲು ಮುಚ್ಚಿದರೂ ಮೊಸರಿನ ಮಡಕೆಯನ್ನಾದರೂ ತೆರೆದಿಟ್ಟನಲ್ಲ ಎಂದುಕೊಂಡೆ.

ಕ್ಯಾಂಡಿ

ಎಲ್ಲರೂ ಬುದ್ಧನ ಹಲ್ಲಿನ ಗುಡಿಗೆ ಹೋದರು. ನಾವಿಬ್ಬರು ಕೆರೆಯ ಮೇಲಿನ ದಿಣ್ಣೆಯಲ್ಲಿದ್ದ ರಾಸಯ್ಯನವರ ಮನೆ ಹತ್ತಿದೆವು. ಮಾದೇವ ಮೊದಲೇ ಮೆಸೇಜು ಹಾಕಿ ಹೇಳಿದ್ದ.

ಅವರಿಗೆ ಎಪ್ಪತ್ತು ದಾಟಿರಬೇಕು. ಲುಂಗಿ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ನೇತುಹಾಕಿದ ಭೂತಗನ್ನಡಿ. ಹಣೆಯಲ್ಲಿ ವಿಭೂತಿ ಇತ್ತು, ಅದನ್ನು ನೋಡಿ ನನಗೆ ಅರ್ಧ ಸಮಾಧಾನವಾಯಿತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನಲ್ಲಿ ಆಲ್ಬಮ್ಮುಗಳು, ಒಂದೊಂದು ಗುಳಿಗೆ ಒಂದೊಂದು ಮುಚ್ಚಳ. ಅವರ ಹೆಂಡತಿ ಹಾಲಿಲ್ಲದ ಟೀ ತಂದು, ಜೊತೆಗೆ ಒಂದು ಚೂರು ಬೆಲ್ಲವನ್ನು ಅಂಗೈಗೆ ಇಟ್ಟರು. ಟೀಗೆ ಹಾಕಿಕೊಳ್ಳಲು ಹೋದೆ. "ಅಲ್ಲ ಅಲ್ಲ, ಬೆಲ್ಲ ಕಚ್ಚಿ ಟೀ ಕುಡಿಯಬೇಕು" ಎಂದರು. ಟೀಯಲ್ಲಿ ಕರಗುವ ಬೆಲ್ಲವನ್ನು ಬಾಯಲ್ಲಿ ಕರಗಿಸುವುದೇಕೋ. ರುಚಿಯೇನೋ ಚೆನ್ನಾಗಿತ್ತು.

ರಾಸಯ್ಯನವರು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ತಮ್ಮ ಮುಚ್ಚಳ ಇಟ್ಟರು. ನಾನು ಕರವಸ್ತ್ರ ಬಿಚ್ಚಿ ಅಪ್ಪನದನ್ನು ಪಕ್ಕದಲ್ಲಿಟ್ಟೆ. ಅದೇ ಗಿಣಿ. ಅದೇ ತುಂಡು ಗರಿ.

"ಇದನ್ನು ಯಾರು ತಿಕ್ಕಿದ್ದು?" ರಾಸಯ್ಯನವರು ತಮಿಳಿನಲ್ಲಿ ಕೇಳಿದರು.

"ನಾನೇ. ಹುಣಸೆಹಣ್ಣು ಹಾಕಿ."

ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. "ತಂಗಚ್ಚಿ, ಹಳೆಯ ಮುಚ್ಚಳವನ್ನು ನೀರಿನಲ್ಲೂ ಅದ್ದಬಾರದು" ಎಂದರು. ತಂಗಚ್ಚಿ ಎಂದರೆ ತಂಗಿ. ಮಗುಚಿ ಒಳಗೆ ನೋಡಿದ ಮೇಲೆ ಅವರ ದನಿ ಬದಲಾಯಿತು.

"ಬೆಂಡು ಎಲ್ಲಿ? ಒಳಗೆ ಸುಟ್ಟಿದೆಯಲ್ಲ?"

ಆರತಿಯ ವಿಷಯ ಹೇಳಿದೆ. ಅವರು ತಮ್ಮದನ್ನು ಮಗುಚಿ ತೋರಿಸಿದರು. ಒಳಗೆ ಬೆಂಡಿನ ಬಿಲ್ಲೆ ಬಿಗಿಯಾಗಿ ಕೂತಿತ್ತು. "ನೋಡಿ, ಹಳೆಯ ಕಾಲದ ಮುಚ್ಚಳಕ್ಕೆ ಬೆಂಡು. ಪ್ಲಾಸ್ಟಿಕ್ ಬಂದದ್ದು ಆಮೇಲೆ. ನಕಲು ಮಾಡುವವರು ಏನು ಮಾಡುತ್ತಾರೆ ಗೊತ್ತೆ? ಹೊಸ ಮುಚ್ಚಳದ ಪ್ಲಾಸ್ಟಿಕ್ ಕೀಳುತ್ತಾರೆ, ಗೊತ್ತಾಗದಿರಲಿ ಎಂದು ಒಳಗೆ ಸುಡುತ್ತಾರೆ, ಆಮೇಲೆ ಒಂದು ದೇವರ ಕಥೆ ಹೇಳುತ್ತಾರೆ." ಎರಡನ್ನೂ ಬೋರಲು ಹಾಕಿ, ಗಿಣಿ ಮೇಲೆ ಮಾಡಿ ಅಕ್ಕಪಕ್ಕ ಇಟ್ಟರು. "ನಮ್ಮದನ್ನು ಗೆರೆ ಬಿಡದಂತೆ ಇಳಿಸಿಕೊಂಡಿದ್ದಾರೆ, ಅಲ್ಲವೆ?"

"ಕರ್ಪೂರ ಹಚ್ಚಿದ್ದನ್ನು ಸುಟ್ಟದ್ದು ಅನ್ನುತ್ತೀರಲ್ಲ, ಹಣೆಗೆ ವಿಭೂತಿ ಇಟ್ಟುಕೊಂಡು!" ಎಂದೆ. "ನಮ್ಮಪ್ಪ ಕದ್ದು ತಿನ್ನುವ ಜನ ಅಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ಮೆಷಿನ್ನು ಮುಟ್ಟಿದವರಲ್ಲ. ನಿಮ್ಮಪ್ಪನೇ ನಮ್ಮದನ್ನು ನೋಡಿ ಮಾಡಿಸಿರಬಾರದೇಕೆ?"

"ಸಾಕ್ಷಿ ನನ್ನ ಹತ್ತಿರ ಇದೆ ತಂಗಚ್ಚಿ. ನಿಮ್ಮ ಹತ್ತಿರ ಮಸಿ ಇದೆ."

ಮುಚ್ಚಳವನ್ನು ಬಾಚಿ ಕರವಸ್ತ್ರಕ್ಕೆ ಸುತ್ತಿಕೊಂಡು ಎದ್ದುಬಿಟ್ಟೆ. ಮನೆಯವರು ಕುಡಿಯುತ್ತಿದ್ದ ಟೀ ಬಿಟ್ಟು, ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡು ಹಿಂದೆ ಬಂದರು. ದಿಣ್ಣೆ ಇಳಿಯುವ ತನಕ ನಾನು ಬೈಯುತ್ತಲೇ ಇದ್ದೆ, ಅವರ ಬಾಯಲ್ಲಿ ಬೆಲ್ಲವಿದ್ದುದರಿಂದ ಒಂದಕ್ಕೂ ಉತ್ತರ ಬರಲಿಲ್ಲ.

ಕ್ಯಾಂಡಿ, ಮಾರನೆಯ ಬೆಳಿಗ್ಗೆ

ಸ್ನಾನ ಮಾಡಿ, ಹೋಟೆಲಿನ ಟೀಪಾಯಿಯ ಮೇಲೆ ಮಾದಪ್ಪನ ಚಿಕ್ಕ ಪಟ ಇಟ್ಟು, ಮುಂದೆ ಮುಚ್ಚಳ ಇಡೋಣವೆಂದು ಕರವಸ್ತ್ರ ಬಿಚ್ಚಿದೆ. ಒಳಗೆ ಬೆಂಡು ಇತ್ತು.

ಮಾದಪ್ಪ ನನ್ನ ಅವಮಾನ ನೋಡಲಾರದೆ ಬೆಂಡು ವಾಪಸು ಕೊಟ್ಟನೆಂದೇ ತಿಳಿದೆ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು.

"ರೀ, ನೋಡ್ರೀ ಇಲ್ಲಿ!"

ಮನೆಯವರು ಕನ್ನಡಕ ಹಾಕಿಕೊಂಡು ನೋಡಿದರು.

"ಪವಾಡನೂ ಇಲ್ಲ, ಏನೂ ಇಲ್ಲ ಕಣೆ. ಆ ಯಪ್ಪನ ಮುಚ್ಚಳ ಎತ್ಕೊಂಡು ಬಂದ್ಬುಟ್ಟಿದ್ದೀಯ. ನೆನ್ನೆಗಂಟ ನಿಮ್ಮಪ್ಪ ಕಳ್ಳ. ಇವತ್ತು ನೀನು."

ಪಟದ ಮುಂದೆ ಕೂತೇ ಅವರ ಮೇಲೆ ರೇಗಿದೆ. ರೇಗಿದರೂ ಮಾತು ನಿಜವಾಗಿತ್ತು. ಊರು ಬಿಟ್ಟು ಊರಿಗೆ ಬಂದು, ಸಮುದ್ರ ದಾಟಿ ಬಂದು, ಪರರ ಮನೆಯ ವಸ್ತು ಎತ್ತಿಕೊಂಡು ಬಂದಿದ್ದೆ. ಅವರು ಈಗಾಗಲೇ ಪೊಲೀಸಿಗೆ ಹೇಳಿದ್ದರೆ? ನಂಜುಂಡನಿಗೆ ಗೊತ್ತಾದರೆ?

ಪೂಜೆಯನ್ನು ಅರ್ಧಕ್ಕೇ ಬಿಟ್ಟು ಆಟೊ ಹತ್ತಿದೆವು. ಆಟೊದವನು ಬೀದಿ ಮೂಲೆಯ ಬುದ್ಧನ ಗೂಡು ಕಂಡ ಕೂಡಲೇ ನಿಲ್ಲಿಸಿ, ಇಳಿದು, ಹುಂಡಿಗೆ ಕಾಸು ಹಾಕಿ, ಕಣ್ಣು ಮುಚ್ಚಿ ನಿಂತ. ದಿನದ ಮೊದಲ ಬಾಡಿಗೆಗೆ ಹಾಗೆ ಮಾಡುವುದು ಅವನ ರೂಢಿಯಂತೆ. ಎಷ್ಟು ಹೊತ್ತು ನಿಲ್ಲುತ್ತಾನೋ ಎಂದು ಹಲ್ಲು ಕಚ್ಚಿಕೊಂಡೆ. ಆಮೇಲೆ ನಾನೂ ಆ ಕಡೆಗೆ ಕೈ ಮುಗಿದೆ. ಇನ್ನೇನು ಮಾಡುವುದು?

ರಾಸಯ್ಯನವರು ಗೇಟಿನಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅವರೇ, "ನಿಮ್ಮ ಹೋಟೆಲಿಗೆ ಹೊರಟಿದ್ದೆ. ಒಳಗೆ ಬನ್ನಿ" ಎಂದರು.

ಕರವಸ್ತ್ರವನ್ನು ಅವರ ಕೈಗೆ ಕೊಟ್ಟೆ. "ಬೇಕೆಂದು ತೆಗೆದುಕೊಂಡದ್ದಲ್ಲ. ಕೋಪದಲ್ಲಿ ಕಣ್ಣು ಕಾಣಲಿಲ್ಲ."

"ಗೊತ್ತು. ನಾನೂ ಕೋಪದಲ್ಲಿ ಸರಿಯಾಗಿ ನೋಡಿರಲಿಲ್ಲ."

ಹಿಂದಿನ ಸಂಜೆ ತಮ್ಮ ಮುಚ್ಚಳ ಆಲ್ಬಮ್ಮಿಗೆ ಸೇರಿಸಲು ಹೋದಾಗ ಅವರಿಗೆ ಅದಲುಬದಲಾದದ್ದು ತಿಳಿದಿತ್ತು. ಬೆಳಿಗ್ಗೆ ಎದ್ದು ನಮ್ಮದನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಾ ಕೂತರಂತೆ. ನನ್ನನ್ನು ಕಿಟಕಿಯ ಹತ್ತಿರ ಕರೆದು ಭೂತಗನ್ನಡಿ ಕೊಟ್ಟರು. ಮಸಿಯ ಕೆಳಗೆ, ತಳದಲ್ಲಿ ಒಂದು ಕಂದು ಬಣ್ಣದ ಪೊರೆ ಅಂಟಿಕೊಂಡಿತ್ತು, ಪಾತ್ರೆಯ ತಳದಲ್ಲಿ ಹಾಲು ಸೀದರೆ ಉಳಿಯುತ್ತದಲ್ಲ, ಹಾಗೆ.

"ಇದು ಅಂಟು. ಬೆಂಡನ್ನು ತಗಡಿಗೆ ಕೂರಿಸಲು ಹಾಕುತ್ತಿದ್ದದ್ದು. ಪ್ಲಾಸ್ಟಿಕ್ಕಿನ ಮುಚ್ಚಳಕ್ಕೆ ಇದು ಬೇಕಿಲ್ಲ. ವರ್ಷ ಇಂಥದ್ದೇ ಎಂದು ನಾನು ಹೇಳಲಾರೆ. ಆದರೆ ಪ್ಲಾಸ್ಟಿಕ್ ಬರುವ ಮುಂಚಿನದು, ನಮ್ಮದರ ಕಾಲದ್ದೇ. ನಕಲಲ್ಲ. ನಾನು ತಪ್ಪು ಬರೆದೆ."

ಮಾದಪ್ಪಾ ಎಂದು ಕೈ ಮುಗಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಸುಮ್ಮನಿರದೆ, "ಗಟ್ಟಿ ಅಂಟು ಬಿಡಿ, ಇಷ್ಟು ವರ್ಷ ಕರ್ಪೂರ ಹಚ್ಚಿದರೂ ಹೋಗಲಿಲ್ಲ. ಯಾವ ಮರದ್ದು?" ಎಂದೆ.

"ಮರದ್ದಲ್ಲ. ಮೊಟ್ಟೆಯ ಬಿಳಿ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡೆ.

ನಮ್ಮ ಮನೆಯೊಳಗೆ ಮೊಟ್ಟೆ ಬರುವಂತಿಲ್ಲ. ಬೇಕರಿಯ ಕೇಕು ಕೂಡ ಬಾಗಿಲಾಚೆಗೇ. ಅಂಥದ್ದರಲ್ಲಿ ಮಾದಪ್ಪನ ಪಟದ ಮುಂದೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಅಮ್ಮನ ಕಾಲದಿಂದ ನನ್ನ ಕಾಲದವರೆಗೆ! ಶಿವರಾತ್ರಿಯಲ್ಲಿ ನಾನು ಅದಕ್ಕೆ ಕುಂಕುಮ ಇಟ್ಟು ಅಡ್ಡ ಬಿದ್ದಿದ್ದೇನೆ. ಅಪ್ಪ ಕಳ್ಳನಲ್ಲ ಎಂದು ಹೇಳಲು ಈ ಲೋಕದಲ್ಲಿ ಒಂದು ಸಾಕ್ಷಿ ಸಿಕ್ಕರೆ ಅದು ಮೊಟ್ಟೆಯೇ ಆಗಬೇಕೆ? ಯಾರ ಮೇಲೆ ಕೋಪ ಮಾಡಿಕೊಳ್ಳುವುದೆಂದು ತಿಳಿಯದೆ ನಮ್ಮ ಮನೆಯವರನ್ನೇ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಹೆಗಲು ಅಲುಗುತ್ತಿತ್ತು. ನಗುತ್ತಿದ್ದರು.

"ನಗ್ರೀ, ನಗ್ರೀ. ಊರಿಗೆ ಬನ್ನಿ, ಮಾಡ್ತೀನಿ."

ರಾಸಯ್ಯನವರ ಹೆಂಡತಿ ಮತ್ತೆ ಟೀ, ಬೆಲ್ಲ ತಂದರು. ಮಾತು ಬೇರೆ ಕಡೆ ತಿರುಗಲಿ ಎಂದೋ ಏನೋ ರಾಸಯ್ಯನವರು ಗಿಣಿಯ ಕಥೆ ತೆಗೆದರು. ಅವರ ತಾಯಿಯೂ ಗಿಣಿ ಸಾಕಿದ್ದರಂತೆ. ಪಂಜರದ ಬಾಗಿಲಿಗೆ ಸಿಕ್ಕಿ ಅದರ ಬಾಲದ ಗರಿ ತುಂಡಾಗಿತ್ತಂತೆ. ಮದ್ರಾಸಿನಿಂದ ಹಡಗಿನಲ್ಲಿ ಬಂದ ಮುಚ್ಚಳದ ಏಜೆಂಟು ಅದನ್ನು ನೋಡಿ, 'ನಿಮಗೆ ಮಾತ್ರ, ಬೇರೆ ಯಾರಿಗೂ ಕೊಡುವುದಿಲ್ಲ' ಎಂದು ಇದ್ದದ್ದು ಇದ್ದ ಹಾಗೆ ಬರೆಸಿ ಕೊಟ್ಟನಂತೆ.

ನಾನು ಬೆಲ್ಲ ಕಚ್ಚಿದವಳು ಹಾಗೇ ಕೂತೆ.

"ನಮ್ಮದನ್ನು ಬೆಕ್ಕು ಕಚ್ಚಿತ್ತು" ಎಂದೆ.

"ಏನು?"

"ನಮ್ಮಮ್ಮನ ಗಿಣಿ. ಮದ್ರಾಸಿನವನು. ನಮಗೆ ಮಾತ್ರ ಎಂದಿದ್ದ."

ರಾಸಯ್ಯನವರು ಎರಡು ಮುಚ್ಚಳಗಳನ್ನೂ ಮತ್ತೆ ಕಿಟಕಿಗೆ ಒಯ್ದರು. ಈ ಸಲ ಗಿಣಿಯನ್ನು ಬಿಟ್ಟು ಪಕ್ಕದ ಮಡಿಕೆಗಳನ್ನು ನೋಡಿದರು. ಎರಡರಲ್ಲೂ ಒಂದೇ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಅದೇ ಎರಡು ಅಕ್ಷರ, ಅಚ್ಚು ಹಾಕಿದವರ ಗುರುತು. ಎರಡರಲ್ಲೂ ಕೊಕ್ಕಿನ ಕೆಂಪು ಒಂದೇ ಕಡೆ ಗೆರೆ ದಾಟಿತ್ತು. ಅಚ್ಚಿನಲ್ಲೇ ಬಾಲ ಮುರಿದಿತ್ತು. ಆ ಮನುಷ್ಯ ಗಿಣಿಯ ಅಚ್ಚನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾರ ಮನೆಯಲ್ಲಿ ಗಿಣಿ ಇದೆಯೋ ಅಲ್ಲಿ ಬಾಲ ನೋಡಿ, ಇಲ್ಲದ ಕಡೆ ಇನ್ನೇನು ನೋಡಿಯೋ, ಎಲ್ಲರಿಗೂ 'ನಿಮಗೆ ಮಾತ್ರ' ಎಂದು ಮಾರಿದ್ದ. ನಮ್ಮ ಗಿಣಿಯನ್ನು ನಿಜವಾಗಿ ಬೆಕ್ಕು ಕಚ್ಚಿತ್ತೋ, ಅಚ್ಚನ್ನು ನೋಡಿದ ಮೇಲೆ ಕಚ್ಚಿದ ಹಾಗೆ ಅಪ್ಪನಿಗೆ ನೆನಪಾಯಿತೋ, ಈಗ ಹೇಳುವವರಿಲ್ಲ.

"ಆ ಮದ್ರಾಸಿನವನು ಈಗ ಎದುರಿಗೆ ಇದ್ದಿದ್ದರೆ..." ಎಂದೆ.

"ನನ್ನ ತಂದೆ ಸಾಯುವ ತನಕ ಇಂಡಿಯಾದವರನ್ನು ಬೈದರು" ಎಂದರು ರಾಸಯ್ಯ. ಅವರ ಮುಖ ಕಪ್ಪಿಟ್ಟಿತ್ತು. "ನಾನು ಆ ಬೈಗುಳವನ್ನೇ ಕಲಿತು ಬರೆದುಬಿಟ್ಟೆ."

"ಬರೆದದ್ದನ್ನು ಬರೆದೇ ತಿದ್ದಿ. ನಾನು ಇಲ್ಲೇ ಕೂತಿರುತ್ತೇನೆ."

ಅವರು ಕಂಪ್ಯೂಟರ್ ತೆರೆದು ಇಂಗ್ಲಿಷಿನಲ್ಲಿ ಬರೆದರು, ನನಗೆ ತಮಿಳಿನಲ್ಲಿ ಓದಿ ಹೇಳಿದರು. ಎರಡೂ ಒಂದೇ ಕಾಲದವು, ಒಂದೇ ಅಚ್ಚಿನವು, ಯಾರೂ ಯಾರದ್ದನ್ನೂ ನಕಲು ಮಾಡಿಲ್ಲ, ಗಿಣಿ ಎರಡು ಮನೆಯದೂ ಅಲ್ಲ. ಮನೆಯವರು ಇಂಗ್ಲಿಷನ್ನು ಇನ್ನೊಂದು ಸಲ ಓದಿ ಸರಿಯಿದೆ ಎಂದರು. ಈ ಸಲ ಒಳಗೆ ಮಸಿ ಇರುವ ಮುಚ್ಚಳವನ್ನೇ ನೋಡಿ ಕರವಸ್ತ್ರಕ್ಕೆ ಸುತ್ತಿಕೊಂಡೆ. ಹೊರಡುವಾಗ ರಾಸಯ್ಯನವರ ಹೆಂಡತಿ ನನ್ನ ಕೈ ಹಿಡಿದು, "ನಿಮ್ಮ ಕೋಪ ಒಳ್ಳೆಯದು, ಈ ಮನುಷ್ಯ ತಪ್ಪು ಒಪ್ಪಿದ್ದನ್ನು ನಾನು ಇವತ್ತೇ ನೋಡಿದ್ದು" ಎಂದು ಕಿವಿಯಲ್ಲಿ ಹೇಳಿದರು.

ಕತರಗಾಮದಲ್ಲಿ ಸುಬ್ಬಪ್ಪನ ದರ್ಶನ ನಿರಾಳವಾಗಿ ಆಯಿತು. ಮೊಟ್ಟೆಯ ವಿಷಯಕ್ಕೆ ತಪ್ಪು ಕಾಣಿಕೆ ಕಟ್ಟಿ ಬಂದೆ.

ಮತ್ತೆ ಗುಂಡ್ಲುಪೇಟೆ

ಬಂದ ಮಾರನೆಯ ದಿನವೇ ಮಾದೇವ ಬಂದ. ಚಪ್ಪಲಿ ಬಿಡುವ ಮುಂಚೆಯೇ, "ಅಸ್ಲಿ ತಾನೆ ಅಕ್ಕ?" ಎಂದ.

"ಅಸ್ಲಿನೆ. ಆದ್ರೆ ಗಿಣಿ ನಮ್ದಲ್ಲ." ಎಲ್ಲವನ್ನೂ ಹೇಳಿದೆ.

ಅವನು ಕಾಫಿ ಲೋಟವನ್ನು ಕೆಳಗಿಟ್ಟ. "ಅಕ್ಕ, ಅಸ್ಲಿ ಅನ್ನೋದಷ್ಟೇ ಯೋಳಿ ಸುಮ್ನಾಗ್‌ಬುಡನ. ಅಪ್ಪ ಮೋಸ ಓದ ಅನ್ನೋದು ಯಾಕೆ?"

"ನಡೆದದ್ದು ಅದೇ ಕಣ್ಲಾ."

"ನೀನು ಯೋಚ್ನೆ ಮಾಡು. ಕದ್ದ ಅಂದ್ರೆ ಜನ ಚಾಲೂಕು ಅಂತಾರೆ, ಎಲ್ಲೋ ಒಳಗೊಳಗೇ ಮೆಚ್ಕೋತಾರೆ. ಮೋಸ ಓದ ಅಂದ್ರೆ ನಗ್ತಾರೆ ಕಣಕ್ಕ. ಆ ನಂಜುಂಡ ಎಂಗೆ ನಗ್ತಾನೆ ಗೊತ್ತಾ?"

ಮೀನಿನ ಚಟ್ನಿಗೂ ಬಂದಿರಲಿಲ್ಲ, ಮಸಿ ಎಂದಾಗಲೂ ಬಂದಿರಲಿಲ್ಲ, ಅಂಥ ಕೋಪ ಬಂತು.

"ನಿಮ್ಮಪ್ಪನ್ನ ಕಳ್ಳ ಅಂದ್ರೆ ಪರ್ವಾಗಿಲ್ವೇನ್ಲಾ ನಿಂಗೆ? ಸಮುದ್ರ ದಾಟ್ಸಿ ಕಳ್ಸಿದ್ದು ಇದುಕ್ಕಾ? ನಗೋರು ನಗ್ಲಿ. ಆ ಮದ್ರಾಸ್‌ನೋನ ಮಾತು ಅಪ್ಪ ನಂಬ್ದ, ನಂಬಿ ಮೋಸ ಓದ. ನಂಬೋದು ಕಳ್ಳತನ ಅಲ್ಲ."

ನಂಜುಂಡನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಮಾದೇವ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ.

"ಏನಕ್ಕ, ಲಂಕೆಯಿಂದ ಬಂದ್ರಾ? ಗಿಣಿ ಯಾರ್ದಂತೆ?"

"ಯಾರ್ದೂ ಅಲ್ಲ ಕಣಪ್ಪ. ಮದ್ರಾಸ್‌ನೋನು ಒಬ್ಬ ನಮ್ಮಪ್ಪಂಗೆ ಟೋಪಿ ಹಾಕ್ದ. ನಮ್ಮಪ್ಪ ಮೋಸ ಓದ. ನೆಂಟ್ರಿಗೆಲ್ಲ ಕಳ್ಸಿದ್ಯಲ್ಲ, ಇದ್ನೂ ಕಳ್ಸು. ನಾನೇ ಯೋಳ್ದೆ ಅನ್ನು."

ಆ ಕಡೆ ನಗು ಬರುತ್ತದೆಂದು ಕಾದೆ. ಬರಲಿಲ್ಲ. "ಆಯ್ತಕ್ಕ" ಎಂದಷ್ಟೇ ಹೇಳಿ ಇಟ್ಟ.

ಮಾದೇವ ಕಾಫಿ ಲೋಟವನ್ನು ಮತ್ತೆ ಎತ್ತಿಕೊಂಡ. "ಬೋರ್ಡ್ ಮೇಲಿನ ಗಿಣಿ ಅಳಿಸ್ಬುಡ್ಲಾ?" ಎಂದ.

"ಅಪ್ಪ ಮೂಟೆಗಟ್ಲೆ ಕೊಂಡಿದ್ದಾನೆ ಆ ಗಿಣಿನ. ಪುಕ್ಸಟ್ಟೆ ತಂದಿದ್ದಲ್ಲ. ಯಾಕ್ಲಾ ಅಳಿಸ್ತೀಯ?"

ಊಟಕ್ಕೆ ನಿಲ್ಲು ಎಂದರೂ ನಿಲ್ಲದೆ ಬೈಕು ಹತ್ತಿದ. ಮುಖ ಊದಿಸಿಕೊಂಡೇ ಹೋದರೂ ಹೆಲ್ಮೆಟ್ಟು ಹಾಕಿಕೊಂಡು ಹೋದ, ಅಷ್ಟು ಸಾಕು.

ಪ್ರವಾಸದ ಬಟ್ಟೆಗಳನ್ನು ಬೆಳಿಗ್ಗೆಯೇ ಬಕೆಟ್ಟಿನಲ್ಲಿ ನೆನೆಸಿದ್ದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಮನೆಯವರ ಅಂಗಿಯ ಕಾಲರಿಗೆ ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಕುಕ್ಕತೊಡಗಿದೆ.